ಆಟದ ದಿನ ಮಾತಿಲ್ಲ

"ನೀನು ಅವನನ್ನ ಮಾತಾಡಿಸಿದ್ಯಾ?"

"ಇಲ್ಲ ಸಾರ್ಜೆಂಟ್."

"ನೀನು?"

"ಇಲ್ಲ."

"ಮುಖನಾದ್ರೂ ನೋಡಿದ್ಯಾ?"

ಆಟಗಾರರ ಕೋಣೆಯ ಬೆಂಚಿನ ತುದಿಯಲ್ಲಿ ಕೂತು ಚೀಲಕ್ಕೆ ಬಟ್ಟೆ ತುರುಕುತ್ತಿದ್ದ ಆಟಗಾರ ಕೈ ನಿಲ್ಲಿಸಿದ. ಅವನಿಗೆ ಮುಂದಿನ ಹಲ್ಲುಗಳಿರಲಿಲ್ಲ. "ಆಟದ ದಿನ ಗೋಲ್‌ಕೀಪರ್ ಮುಖ ಯಾರು ನೋಡ್ತಾರೆ? ಅಪಶಕುನ. ನಮ್ಮಜ್ಜಿಗೂ ಗೊತ್ತು ಅದು."

ಸಾರ್ಜೆಂಟ್ ಇಸಿಡೋರ್ ಹ್ಲಾಡಿ ಮುಂದಿನವನ ಕಡೆ ತಿರುಗಿದ. ಅಲ್ಲೂ ಅದೇ ಉತ್ತರ. ಗೋಡೆಯುದ್ದಕ್ಕೂ ಅದೇ ಉತ್ತರ. ಸುಳ್ಳು ಹೇಳುವವರ ಕಣ್ಣನ್ನು ಅವನು ಬಲ್ಲ. ಇಲ್ಲಿ ಯಾರ ಕಣ್ಣಲ್ಲೂ ಸುಳ್ಳಿರಲಿಲ್ಲ. ಅವನನ್ನು ಹೆದರಿಸಿದ್ದೇ ಅದು.

ಮೊನ್ನೆಯ ಐಸ್ ಹಾಕಿ ಆಟದ ಎರಡನೇ ಅವಧಿಯಲ್ಲಿ, ಯಾರೂ ಗೋಲಿನ ಕಡೆ ಹೊಡೆಯದೇ ಇದ್ದಾಗ, ಗೋಲ್‌ಕೀಪರ್ ಅರ್ಮಾನ್ ತೆಸ್ಸಿಯೆ ತನ್ನ ಬಲೆಯ ಮುಂದೆ ಮೊಣಕಾಲೂರಿ ಕುಸಿದಿದ್ದ. ಇಂದು ಬೆಳಗಾಗುವ ಹೊತ್ತಿಗೆ ಆಸ್ಪತ್ರೆಯಲ್ಲಿ ತೀರಿಕೊಂಡ.

ಅವನು ತೀರಿಕೊಂಡದ್ದೇ ತಡ, ನೆಸ್ತೋರ್ ಪಾಸ್ತುಖ್‌ನ ಹಣೆಬರಹ ಬದಲಾಯಿತು. ನೆಸ್ತೋರ್ ತಂಡದ ಸಾಮಾನು ನೋಡಿಕೊಳ್ಳುವವನು. ಸ್ಕೇಟು ಹರಿತ ಮಾಡುವುದು, ಕೋಲು, ಕವಚಗಳ ಲೆಕ್ಕ ಎಲ್ಲ ಅವನದೇ. ನಿನ್ನೆಯಿಂದ ಠಾಣೆಯಲ್ಲಿ ಕೂತಿದ್ದ. ಇಂದು ಮಧ್ಯಾಹ್ನ ಅವನ ಮೇಲೆ ಕೊಲೆಯ ಆರೋಪ ಬೀಳುತ್ತದೆ. ಇನ್ಸ್‌ಪೆಕ್ಟರ್ ಬ್ರೌನ್‌ಲೀ ಅದನ್ನು ಮುಚ್ಚಿಡಲಿಲ್ಲ.

"ಮಧ್ಯಾಹ್ನದವರೆಗೆ ಟೈಮು ಹ್ಲಾಡಿ. ನಿನ್ನ ಚರ್ಚಿನ ಸ್ನೇಹಿತ ಅಂತ ಇಷ್ಟಾದ್ರೂ. ಬೇರೆ ಯಾರನ್ನಾದ್ರೂ ತಂದು ನಿಲ್ಲಿಸಿದ್ರೆ ಸರಿ. ಇಲ್ಲಾಂದ್ರೆ ಅವನೇ."

ಮಧ್ಯಾಹ್ನಕ್ಕೇ ಬಸ್ಸೂ ಹೊರಡುವುದಿತ್ತು. ಈ ಕೋಣೆಯಲ್ಲಿದ್ದವರೆಲ್ಲ ಅದನ್ನು ಹತ್ತಿ, ವಿಮಾನ ನಿಲ್ದಾಣದಲ್ಲಿ ಇಳಿದು, ದಿಕ್ಕಿಗೊಬ್ಬರಾಗುವವರು. ಹ್ಯಾಲ್‌ಬ್ರೂಕ್ ಬೈಸನ್ಸ್ ಎಂಬ ತಂಡ ಮುಗಿದಿತ್ತು. ಲೀಗೇ ಮುಗಿದಿತ್ತು.

ಎಂಥ ಲೀಗು ಅದು. ಹಳೇ ಲೀಗಿನ ಯಜಮಾನರ ಕುರ್ಚಿಯನ್ನು ಕೆಳಗಿನಿಂದಲೇ ಎಳೆದುಬಿಡುತ್ತೇವೆ ಎಂದು ಹೊರಟವರು. ಮೊದಲ ಆಟದ ದಿನ ಹ್ಯಾಲ್‌ಬ್ರೂಕಿನ ಅಂಗಳಕ್ಕೆ ಜೀವಂತ ಕಾಡುಕೋಣವನ್ನೇ ಬಿಟ್ಟರು. ಅದು ಹಿಮದ ಮೇಲೆ ನಾಲ್ಕು ಕಾಲೂ ಚೆಲ್ಲಿ ಕೂತುಬಿಟ್ಟಿತು. ಅದನ್ನು ಎಬ್ಬಿಸುವಷ್ಟರಲ್ಲಿ ಅರ್ಧ ಜನ ಊಟಕ್ಕೆ ಮನೆಗೆ ಹೋಗಿದ್ದರು. ತೀರ್ಪುಗಾರರಿಗೆ ನೇರಳೆ ಅಂಗಿ, ಗೋಲು ಬಿದ್ದರೆ ರೈಲಿನ ಸೀಟಿ. ಒಂದು ತಂಡ ಒಂದೇ ಚಳಿಗಾಲದಲ್ಲಿ ಮೂರು ಊರು ಬದಲಿಸಿತು. ಅಂಗಿಯ ಮೇಲಿನ ಊರ ಹೆಸರನ್ನು ಆಟಗಾರರ ಹೆಂಡಿರು ಬಿಚ್ಚುವುದು, ಹೊಲಿಯುವುದು, ಮತ್ತೆ ಬಿಚ್ಚುವುದು. ಇನ್ನೊಂದು ತಂಡ ಹಳೇ ನಾಟಕ ಮಂದಿರದಲ್ಲಿ ಆಡುತ್ತಿತ್ತು. ಅಲ್ಲಿ ಮೂಲೆಗೆ ನುಗ್ಗಿದವನು ಪರದೆಯಲ್ಲಿ ಸುತ್ತಿಕೊಂಡು ಹೊರಬರುತ್ತಿದ್ದ.

ಜೊತೆಗೆ ಆ ಕಿತ್ತಳೆ ಬಿಲ್ಲೆ. ಚೆಂಡಿನ ಬದಲು ಕೋಲಿನಿಂದ ಹೊಡೆಯುವ ಕಪ್ಪು ರಬ್ಬರಿನ ಬಿಲ್ಲೆ ಟಿವಿಯಲ್ಲಿ ಕಾಣದು ಎಂದು ಅದಕ್ಕೆ ಕಿತ್ತಳೆ ಬಣ್ಣ ಬಳಿಸಿದರು. ಬಣ್ಣ ಕುಡಿದ ರಬ್ಬರು ಹಿಮದ ಮೇಲೆ ಜಾರದೆ ಕಪ್ಪೆಯಂತೆ ಕುಪ್ಪಳಿಸಿತು. ಬಣ್ಣ ಹಕ್ಕಳೆ ಹಕ್ಕಳೆಯಾಗಿ ಎದ್ದಿತು. ಗೋಲ್‌ಕೀಪರುಗಳು ಒಕ್ಕೊರಲಿನಿಂದ ಶಾಪ ಹಾಕಿದ ಮೇಲೆ, ಹೋದ ತಿಂಗಳು ಅದನ್ನು ಕೈಬಿಟ್ಟರು.

ಅರ್ಮಾನನ ಎಡಗಿವಿಯ ಮೇಲೆ, ಕೂದಲ ಬುಡದಲ್ಲಿ ವೈದ್ಯರಿಗೆ ಸಿಕ್ಕಿದ್ದು ಆ ಬಣ್ಣದ ಹಕ್ಕಳೆಗಳೇ.

"ರಕ್ತ ಹೊರಗೆ ಬಂದೇ ಇಲ್ಲ. ಒಳಗೊಳಗೇ ತುಂಬಿದೆ, ನಿಧಾನವಾಗಿ," ಎಂದಿದ್ದರು ಅವರು. "ಪೆಟ್ಟು ಬಿದ್ದಿದ್ದು ಆಟದಲ್ಲಲ್ಲ, ಅವತ್ತು ಬೆಳಗ್ಗೆ. ಮುಖವಾಡದ ಮೇಲೆ ಒಂದು ಗೀರೂ ಇಲ್ಲ, ಅಂದ್ರೆ ಹಾಕಿಕೊಂಡಿರಲಿಲ್ಲ. ಮಧ್ಯಾಹ್ನದೊಳಗೆ ಯಾರಾದ್ರೂ ಕರ್ಕೊಂಡು ಬಂದಿದ್ರೆ..."

 

ಬ್ರೌನ್‌ಲೀಯವರ ಲೆಕ್ಕ ನೇರವಾಗಿತ್ತು. ಉಳಿದ ಕಿತ್ತಳೆ ಬಿಲ್ಲೆಗಳು ಪೆಟ್ಟಿಗೆಗಟ್ಟಲೆ ಇದ್ದದ್ದು ನೆಸ್ತೋರನ ಸಾಮಾನು ಕೋಣೆಯಲ್ಲಿ. ಕೀಲಿ ಅವನ ಸೊಂಟದಲ್ಲಿ. ಆಟದ ದಿನ ಗೋಲ್‌ಕೀಪರನ ಮೂಲೆಗೆ ಹೋಗಬಲ್ಲವನು ಅವನೊಬ್ಬನೇ. ಕೇಳಿದರೆ ಬಾಯಿ ಬಿಡುವುದಿಲ್ಲ. ಇನ್ನೇನು ಬೇಕು?

ಹ್ಲಾಡಿಗೆ ಬೇರೆಯದೇ ಗೊತ್ತಿತ್ತು. ಪ್ರತಿ ಭಾನುವಾರ ಚರ್ಚಿನಲ್ಲಿ ಅವರಿಬ್ಬರೂ ಅಕ್ಕಪಕ್ಕ ನಿಂತು ಹಾಡುವವರು. ನೆಸ್ತೋರನದು ಎಲ್ಲರ ದನಿಗೂ ಕೆಳಗಿನ ದನಿ. ಕೇಳಿಸುವುದೇ ಕಷ್ಟ. ಅವನು ಬಾರದ ಭಾನುವಾರ ಮಾತ್ರ ಉಳಿದವರ ದನಿಗೆಲ್ಲ ಕಾಲೂರಲು ನೆಲ ಸಿಗುತ್ತಿರಲಿಲ್ಲ. ಅಂಥವನು ಬಿಲ್ಲೆ ಎತ್ತಿಕೊಂಡು ಮನುಷ್ಯನ ತಲೆಗೆ ಹೊಡೆಯುತ್ತಾನೆಯೇ? ನ್ಯಾಯಾಲಯದಲ್ಲಿ ಇದನ್ನು ಸಾಕ್ಷಿ ಎಂದು ಹೇಳಲಾಗದು.

ಬಾಗಿಲಲ್ಲಿ ವೆಂಡೆಲ್ ಸ್ಟ್ರೂಪ್ ಕಾಣಿಸಿಕೊಂಡ. ತಂಡದ ಮಾಲೀಕ, ಹಳೇ ಕಾರು ಮಾರುವುದು ಅವನ ಕಸುಬು. ಹಿಂದೆ ಅಳತೆ ಪಟ್ಟಿ ಹಿಡಿದ ಇಬ್ಬರು. ಬೆಂಚುಗಳನ್ನೂ ಮಾರುವವನಿದ್ದ.

"ಮಿಸ್ಟರ್ ಸ್ಟ್ರೂಪ್, ನೆಸ್ತೋರ್ ಕೋಣೆ ಬಿಟ್ಟು ಕಿತ್ತಳೆ ಬಿಲ್ಲೆ ಇನ್ನೆಲ್ಲಿವೆ?"

"ಎಲ್ಲಿಲ್ಲ ಅಂತ ಕೇಳಿ ಸಾರ್ಜೆಂಟ್. ಕಾರು ಓಡಿಸಿ ನೋಡಿದವರಿಗೆಲ್ಲ ಒಂದೊಂದು ಕೊಟ್ಟೆ. ಕಾರನ್ನ ಬರೀ ಒದ್ದು ನೋಡಿದವರಿಗೂ ಕೊಟ್ಟೆ. ಪಾದ್ರಿಗಳ ಮನೆ ಬಾಗಿಲು ಗಾಳಿಗೆ ಬಡೀದೇ ಇರಲಿ ಅಂತ ಕೆಳಗೆ ಸಿಗಿಸಿರೋದು ಅದೇ. ನಿಮ್ಮ ಮನೇಲಿಲ್ವಾ?"

ಇತ್ತು. ಹ್ಲಾಡಿಯ ಹೆಂಡತಿ ಅದರ ಮೇಲೆ ಬಿಸಿ ಪಾತ್ರೆ ಇಳಿಸುತ್ತಿದ್ದಳು.

ಇದ್ದ ಒಂದು ಸುಳಿವು ಊರಿನ ಎಲ್ಲ ಮನೆಗಳ ಕಡೆಗೂ ಬೆರಳು ತೋರಿಸುತ್ತಿತ್ತು. ಅವನು ಅರ್ಮಾನನ ಖಾಲಿ ಜಾಗದಲ್ಲಿ ಕೂತ. ಈ ಅಂಗಳ ಮೊದಲು ದನಗಳ ಪ್ರದರ್ಶನದ ಕೊಟ್ಟಿಗೆಯಾಗಿತ್ತು. ಹಿಮ ಕರಗುವ ಈ ಮಾರ್ಚ್ ತಿಂಗಳಲ್ಲಿ ಗೋಡೆಯಿಂದ ಹಳೇ ಹುಲ್ಲಿನ, ಸಗಣಿಯ ವಾಸನೆ ಏಳುತ್ತಿತ್ತು.

"ಸರಿ," ಎಂದ. "ಮಾತಾಡಿಸ್ಲಿಲ್ಲ, ನೋಡ್ಲಿಲ್ಲ. ಕೇಳಿಸಿಕೊಂಡಿದ್ದೇನು? ಅದನ್ನ ಹೇಳಿ."

ಹಲ್ಲಿಲ್ಲದವನು ಭುಜ ಕುಣಿಸಿದ. "ಏನಿದೆ. ವಾಂತಿ ಮಾಡ್ಕೊಂಡ. ಅದು ಯಾವಾಗಲೂ ಇದ್ದದ್ದೇ. ಆಟಕ್ಕೆ ಮುಂಚೆ ಅರ್ಮಾನ್ ಒಂದ್ಸಲ ವಾಂತಿ ಮಾಡಿದ್ರೆ ನಮಗೆ ಧೈರ್ಯ. ಮಾಡಿದ ತಕ್ಷಣ ಎಲ್ಲರೂ ಕೋಲಿಂದ ನೆಲ ಕುಟ್ತೀವಿ. ಅವತ್ತು ಮೂರು ಸಲ ಮಾಡ್ದ ಸಾರ್ಜೆಂಟ್. ನಾವು ಕುಟ್ಟಿದ್ದೇ ಕುಟ್ಟಿದ್ದು. ಮೂರು ಸಲ ಅಂದ್ರೆ ಇವತ್ತು ಗೆದ್ದ ಹಾಗೇ ಅಂತ."

"ಆಮೇಲೆ?"

"ಆಮೇಲೆ ಅಂಗಳಕ್ಕೆ ಇಳಿದು ಎದುರಾಳಿ ಗೋಲಿಗೆ ಹೋಗಿ ನಿಂತ್ಕೊಂಡ. ಅಲ್ಲೇ ಸ್ಕೇಟಲ್ಲಿ ನೆಲ ಕೆರೀತಾ. ಜನ ಬಿದ್ದೂ ಬಿದ್ದೂ ನಕ್ಕರು. ಕೊನೇ ಆಟ ಅಲ್ವಾ, ತಮಾಷೆ ಮಾಡ್ತಿದ್ದಾನೆ ಅಂತ. ನಾನೂ..."

ಅವನು ನಿಲ್ಲಿಸಿದ. ವೈದ್ಯರು ಹೇಳಿದ್ದನ್ನು ಹ್ಲಾಡಿ ಅರ್ಧ ಗಂಟೆಯ ಹಿಂದಷ್ಟೇ ಇವರಿಗೆಲ್ಲ ತಿಳಿಸಿದ್ದ. ಆಗ ಕಿವಿಗೆ ಬಿದ್ದ ಮಾತು ಈಗ ಎದೆಗೆ ಇಳಿದಂತಿತ್ತು. ಕೈಯಲ್ಲಿದ್ದ ಅಂಗಿಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.

"ನಾನೂ ನಕ್ಕೆ," ಎಂದ.

ಗೋಡೆಗೆ ಮುಖ ಮಾಡಿ ಕೂತಿದ್ದ ನಾಯಕ ಲೋರ್ನ್ ಬಕಿ ಕೋಲಿಗೆ ಹೊಸ ಟೇಪು ಸುತ್ತುತ್ತಿದ್ದ. ಇನ್ನು ಆ ಕೋಲಿಗೆ ಆಟವಿಲ್ಲ, ಸುಮ್ಮನೆ ಸುತ್ತುತ್ತಿದ್ದ. ತಿರುಗದೆಯೇ ಮೆಲ್ಲಗೆ ಹೇಳಿದ: "ಬಿಡೋ. ನಿನಗೇನು ಗೊತ್ತಿತ್ತು. ಬೆಳಕು ಚುಚ್ತಿತ್ತು ಅವನಿಗೆ. ಕತ್ತಲೆ ಇದ್ದ ಕಡೆ ಹೋಗಿ ನಿಂತಿರ್ತಾನೆ."

ಹ್ಲಾಡಿ ಎದ್ದು ಅವನ ಹಿಂದೆ ಬಂದು ನಿಂತ.

"ಬೆಳಕು ಚುಚ್ತಿತ್ತು ಅಂತ ನಿನಗೆ ಯಾರು ಹೇಳಿದ್ರು?"

ಟೇಪು ಸುತ್ತುತ್ತಿದ್ದ ಕೈ ನಿಂತಿತು.

"ವೈದ್ಯರೂ ನನಗೆ ಅದನ್ನ ಹೇಳಿಲ್ಲ ಲೋರ್ನ್. ಬಾ, ಹೊರಗೆ ಹೋಗೋಣ."

ಅಂಗಳದಲ್ಲಿ ತಂಪಿನ ಯಂತ್ರ ನಿಲ್ಲಿಸಿದ್ದರು. ಹಿಮ ಬೆವರುತ್ತಿತ್ತು. ಕೆಂಪು, ನೀಲಿ ಗೆರೆಗಳು ನೀರಿನಡಿಯಲ್ಲಿ ಕದಡುತ್ತಿದ್ದವು. ಇಬ್ಬರೂ ಕಟಕಟೆಗೆ ಒರಗಿ ನಿಂತರು. ಲೋರ್ನನಿಗೆ ಹ್ಲಾಡಿಗಿಂತ ಒಂದು ತಲೆ ಎತ್ತರ, ಮೂರು ಸಲ ಮುರಿದ ಮೂಗು.

"ನಾನು ಅವನನ್ನ ಮಾತಾಡಿಸಿಲ್ಲ. ಅದು ಸುಳ್ಳಲ್ಲ," ಎಂದ ಲೋರ್ನ್.

"ಅವನು ನಿನ್ನನ್ನ ಮಾತಾಡಿಸಿದ."

"ಹೂಂ."

"ಎಲ್ಲಿ?"

"ಇಲ್ಲೇ, ನಮ್ಮ ಕೋಣೆಗೆ ಹೋಗೋ ಈ ಓಣಿಯಲ್ಲಿ. ಮಧ್ಯಾಹ್ನ. ಉಳಿದವರು ಇನ್ನೂ ಬಂದಿರಲಿಲ್ಲ." ಅವನು ನೀರಾಗುತ್ತಿದ್ದ ಅಂಗಳವನ್ನೇ ನೋಡುತ್ತಿದ್ದ. "ಲೋರ್ನ್, ತಲೆಗೆ ಬಿತ್ತು ಅಂದ. ಸ್ಟ್ರೂಪ್ ಕಾರುಗಳ ಹತ್ರ. ಮುಖವಾಡ ಇರಲಿಲ್ಲ ಅಂದ. ಬೆಳಕು ಚುಚ್ತಿದೆ, ನನ್ನ ಕೈಲಿ ಆಗಲ್ಲ, ಕೋಚಿಗೆ ಹೇಳು ಅಂದ."

"ನೀನೇನಂದೆ?"

"ಗೋಡೆ ನೋಡ್ದೆ."

"ಅವನು ಬಾಯಿ ಬಿಟ್ಟು ಕೇಳ್ತಿದ್ದಾನೆ, ನೀನು ಗೋಡೆ ನೋಡ್ದೆ."

"ಆಟದ ದಿನ ಗೋಲ್‌ಕೀಪರ್ ಜೊತೆ ಮಾತಾಡಬಾರದು."

"ಲೋರ್ನ್."

"ಹಳೇ ಲೀಗಿಂದ ಇಬ್ಬರು ಬರ್ತಾರೆ ಅಂತ ಗೊತ್ತಿತ್ತು ಸಾರ್ಜೆಂಟ್. ನಮ್ಮಲ್ಲಿ ಯಾರನ್ನ ತಗೋಬೇಕು ಅಂತ ನೋಡೋಕೆ. ಅರ್ಮಾನ್ ಇಲ್ದೆ ಆಡಿದ್ರೆ ನಮ್ಮನ್ನ ಹತ್ತಿ ಹಿಂಜಿದ ಹಾಗೆ ಹಿಂಜಿರೋರು. ಈ ವಯಸ್ಸಲ್ಲಿ, ಸೋತ ತಂಡದ ನಾಯಕನ್ನ ಯಾರು ಕರೀತಾರೆ? ನನಗೆ ಬೇರೆ ಏನು ಬರುತ್ತೆ?" ಅವನು ಕೋಲಿನ ತುದಿಯಿಂದ ನೀರನ್ನು ಕಲಕಿದ. "ಶಾಸ್ತ್ರ ಒಂದು ಇತ್ತಲ್ಲ, ಅವತ್ತು ನನಗೆ ಅನುಕೂಲ ಆಯ್ತು."

"ಅವನು ಏನು ಮಾಡ್ದ?"

"ನನ್ನ ಹೆಗಲ ಮೇಲೆ ಕೈ ಇಟ್ಟ. ಸ್ವಲ್ಪ ಹೊತ್ತು ಹಾಗೇ ನಿಂತಿದ್ದ. ಆಮೇಲೆ ಕೋಚ್ ಕೋಣೆ ಕಡೆ ಹೋದ. ಕೋಚ್ ಅವನು ಬರೋದು ನೋಡಿ ಬೆನ್ನು ತಿರುಗಿಸಿಕೊಂಡ್ರು. ಅವರದು ತಪ್ಪಲ್ಲ. ಅವನು ಮಾತಾಡೋಕೆ ಬಂದಿದ್ದ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಅರ್ಮಾನ್ ವಾಪಸ್ ಬಂದು ತನ್ನ ಮೂಲೇಲಿ ಕೂತ್ಕೊಂಡು ಮುಖವಾಡ ಹಾಕ್ಕೊಂಡ. ಆಟಕ್ಕೆ ಇನ್ನೂ ಎಷ್ಟೋ ಹೊತ್ತಿತ್ತು."

ಮೇಲೆ ಛಾವಣಿಯಿಂದ ಹನಿ ಬೀಳುತ್ತಿತ್ತು. ಹ್ಲಾಡಿಗೆ ಈ ಮನುಷ್ಯನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ತಾನೂ ಇದೇ ಊರಿನವನು. ತಾನಾಗಿದ್ದರೂ ಗೋಡೆಯನ್ನೇ ನೋಡುತ್ತಿದ್ದನೋ ಏನೋ.

"ಸ್ಟ್ರೂಪ್ ಕಾರುಗಳ ಹತ್ರ ಅವನಿಗೇನು ಕೆಲಸ?"

"ಗೊತ್ತಲ್ಲ ನಿಮಗೆ, ಗೋಲ್‌ಕೀಪರ್ ಮೇಲೆ ಗೋಲು ಹೊಡೀರಿ, ನಾಲ್ಕು ಟೈರು ಉಚಿತ ಅನ್ನೋ ಪಂದ್ಯ. ಮುಖವಾಡ ಹಾಕೋ ಹಾಗಿಲ್ಲ, ಜನಕ್ಕೆ ಮುಖ ಕಾಣಬೇಕು. ಆಟದ ದಿನ ಮಾಡಬಾರದು ಅಂತ ಕೋಚ್ ಕಡ್ಡಿ ಮುರಿದ ಹಾಗೆ ಹೇಳಿದ್ರು. ಇವತ್ತಾದ ಮೇಲೆ ಇನ್ನು ಆಟವೇ ಇಲ್ವಲ್ಲ ಅಂತ ಸ್ಟ್ರೂಪ್ ಗುಟ್ಟಾಗಿ ನಡೆಸಿಬಿಟ್ಟ. ಹಳ್ಳಿಯಿಂದ ಕಾರು ನೋಡೋಕೆ ಬಂದವರಷ್ಟೇ ಇದ್ದದ್ದು."

ಹ್ಲಾಡಿಗೆ ದಾರಿ ಕಂಡಿತು. ಯಾರೋ ಹಳ್ಳಿಯವನ ಒರಟು ಹೊಡೆತ. ಆಕಸ್ಮಿಕ. ನೆಸ್ತೋರನಾದರೋ ಸ್ಟ್ರೂಪನ ಆ ಅಂಗಡಿಗೆ ಕಾಲಿಡುವವನೇ ಅಲ್ಲ. ಗೋಲ್‌ಕೀಪರನನ್ನು ಜಾತ್ರೆಯ ಕೋತಿ ಮಾಡುತ್ತೀಯಾ ಎಂದು ಸ್ಟ್ರೂಪನ ಮುಖಕ್ಕೇ ಬೈದವನು ಅವನು. ಊರಿಗೆಲ್ಲ ಗೊತ್ತಿದ್ದ ಜಗಳ ಅದು.

"ಈ ಮಾತನ್ನ ಠಾಣೆಗೆ ಬಂದು ಹೇಳ್ತೀಯಾ?"

"ಬಸ್ಸು ಹೊರಡುತ್ತೆ ಸಾರ್ಜೆಂಟ್."

"ನೀನು ಹೇಳದಿದ್ರೆ ನೆಸ್ತೋರ್ ಕೊಲೆಗಾರ."

"ಹೇಳಿದ್ರೆ ನಾಳೆ ಪೇಪರಲ್ಲಿ ಬರುತ್ತೆ. ಸಾಯೋನು ಕೈ ಹಿಡಿದು ಕೇಳಿದ್ರೂ ತಿರುಗಿ ನೋಡದ ನಾಯಕ ಅಂತ. ಹಳೇ ಲೀಗು ಇರಲಿ, ನನ್ನೂರಲ್ಲೂ ಯಾರೂ ನನ್ನ ಜೊತೆ ಕಾಫಿ ಕುಡಿಯಲ್ಲ."

ಲೋರ್ನ್ ಹೇಳಿದ್ದು ನಿಜವೇ. ಹೊರಗೆ ಬಸ್ಸಿನ ಎಂಜಿನ್ನು ಗುಡುಗಿತು. ಒಬ್ಬೊಬ್ಬರಾಗಿ ಆಟಗಾರರು ಚೀಲ ಹೊತ್ತು ಹೊರಟರು. ಯಾರೋ ಲೋರ್ನನ ಹೆಸರು ಕೂಗಿದರು. ಅವನು ಒಳಗೆ ಹೋದ. ಹೋದವನು ಬರುತ್ತಾನೆಂದು ಹ್ಲಾಡಿಗೆ ನಂಬಿಕೆಯಿರಲಿಲ್ಲ.

ಬಂದ. ಚೀಲವನ್ನು ಹ್ಲಾಡಿಯ ಕಾರಿನ ಹಿಂದಿನ ಸೀಟಿಗೆ ಎಸೆದು, ಮುಂದೆ ಕೂತು, ಬಾಗಿಲೆಳೆದುಕೊಂಡ. "ಬೇಗ ಓಡಿಸಿ," ಎಂದ. "ಮನಸ್ಸು ಬದಲಾಗೋದ್ರೊಳಗೆ."

ಠಾಣೆಯಲ್ಲಿ ಬ್ರೌನ್‌ಲೀ ಮಧ್ಯೆ ಮಾತಾಡದೆ ಲೋರ್ನನ ಹೇಳಿಕೆ ಕೇಳಿದರು, ಸಹಿ ಹಾಕಿಸಿಕೊಂಡರು. "ಬೆಳಗ್ಗೆ, ಕಾರುಗಳ ಹತ್ರ," ಎಂದು ತಮಗೇ ಹೇಳಿಕೊಂಡರು. "ಜಾಗ ಒಂದು ನಮಗೆ ತಿಳಿದಿರಲಿಲ್ಲ. ಒಳ್ಳೇ ಕೆಲಸ ಹ್ಲಾಡಿ. ಹೋಗಿ ನಿನ್ನ ಸ್ನೇಹಿತನಿಗೆ ಹೇಳು. ಅವನು ಅಲ್ಲಿರಲಿಲ್ಲ ಅಂತ ಅವನ ಬಾಯಲ್ಲೇ ಬರಲಿ, ಆರೋಪದ ಕಾಗದ ಹರಿದುಹಾಕ್ತೀನಿ."

ಒಳಕೋಣೆಯಲ್ಲಿ ನೆಸ್ತೋರ್ ಮಂಡಿಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದ. ಸ್ಕೇಟು ಮಸೆದು ಮಸೆದು ಆ ಕೈಗಳ ಬೆರಳುತುದಿ ನುಣುಪಾಗಿದ್ದವು. ಹ್ಲಾಡಿ ಎದುರು ಕೂತು ಎಲ್ಲವನ್ನೂ ಹೇಳಿದ. ಓಣಿ, ಗೋಡೆ, ಹೆಗಲ ಮೇಲಿನ ಕೈ, ಕಾರುಗಳ ಅಂಗಳ.

ನೆಸ್ತೋರ್ ತಲೆ ತಗ್ಗಿಸಿ ಕೇಳಿದ. "ಲೋರ್ನ್ ಬಸ್ಸು ಬಿಟ್ಟುಬಿಟ್ನಾ?"

"ಬಿಟ್ಟ."

"ಪಾಪ."

"ಈಗ ಒಂದೇ ಒಂದು ಮಾತು ಹೇಳು, ಸಾಕು. ನಾನು ಅಲ್ಲಿರಲಿಲ್ಲ ಅನ್ನು. ಮನೆಗೆ ಹೋಗೋಣ."

"ಇದ್ದೆ ಇಸಿಡೋರ್."

ಹಿಂದೆ ಬಾಗಿಲು ಕಿರುಗುಟ್ಟಿತು. ಬ್ರೌನ್‌ಲೀ ಬಂದು ನಿಂತಿದ್ದರು. ಹ್ಲಾಡಿ ಕೈ ಎತ್ತಿ ನೆಸ್ತೋರನನ್ನು ತಡೆಯಲು ನೋಡಿದ. ಎರಡು ದಿನ ಕಟ್ಟಿದ್ದ ಬಾಯಿ, ಇನ್ನು ನಿಲ್ಲುವಂತಿರಲಿಲ್ಲ.

"ಜನ ಎಲ್ಲ ಹೋಗಿದ್ರು. ಸ್ಟ್ರೂಪ್ ಒಳಗಿದ್ದ. ಅರ್ಮಾನ್ ನನ್ನನ್ನ ಫೋನ್ ಮಾಡಿ ಕರೆಸಿಕೊಂಡ. ನೆಸ್ತೋರ್, ನೀನು ಒಂದು ಕಾಲದಲ್ಲಿ ಆಡಿದವನು, ಗುರಿ ಇಟ್ಟು ಹೊಡೀಬಲ್ಲೆ. ನನ್ನ ಕಾಲಿಗೆ ಹೊಡಿ. ನಿಲ್ಲೋಕಾಗಬಾರದು ಅಂದ. ಬೇಡ ಅಂದೆ. ಅಳ್ತಾ ನಿಂತ. ಅಷ್ಟು ದೊಡ್ಡ ಮನುಷ್ಯ." ಅವನ ದನಿ ಏರಲೂ ಇಲ್ಲ, ನಡುಗಲೂ ಇಲ್ಲ. "ಕಾಲಿಗೇ ಹೊಡೆದೆ. ಅಲ್ಲಿದ್ದದ್ದು ಆ ಹಾಳು ಕಿತ್ತಳೆ ಬಿಲ್ಲೆ. ನೆಲಕ್ಕೆ ತಗುಲಿ ಎಗರಿಬಿಡ್ತು."

"ಆಸ್ಪತ್ರೆಗೆ ಕರ್ಕೊಂಡು ಹೋಗಬಾರದಿತ್ತಾ?"

"ಎದ್ದು ನಿಂತ. ನಕ್ಕ. ರಕ್ತ ಇಲ್ಲ, ಏನಿಲ್ಲ. ನಾನು ಆಟಗಾರರ ಕೋಣೆಗೆ ಬಂದು ಅವನ ಕವಚ ಜೋಡಿಸ್ದೆ. ಅವನು ಬಂದಾಗ ನೋಡ್ಲಿಲ್ಲ. ವಾಂತಿಗೆ ಬಕೆಟ್ ಹಿಡಿದವನೂ ನಾನೇ. ಮಾತಾಡಿಸ್ಲಿಲ್ಲ."

ಬ್ರೌನ್‌ಲೀ ಹೊರಗೆ ಹೋದರು. ಪಕ್ಕದ ಕೋಣೆಯಲ್ಲಿ ಟೈಪ್‌ರೈಟರಿನ ಸದ್ದು ಶುರುವಾಯಿತು. ಹ್ಲಾಡಿ ತಾನೇ ಹುಡುಕಿ ತಂದ ಸಾಕ್ಷಿಯ ಕೊನೆಗೆ ಇನ್ನು ನೆಸ್ತೋರನ ಹೆಸರು ಸೇರುತ್ತದೆ. ಆದರೂ ಅವನು ಮುಂದಕ್ಕೆ ಬಾಗಿದ.

"ಅವನು ಆಡಬಾರದು ಅಂತ ಯಾರೋ ಹೆದರಿಸಿದ್ದಾರೆ. ಇಲ್ಲಾಂದ್ರೆ ಯಾವ ಗೋಲ್‌ಕೀಪರ್ ಕಾಲು ಮುರಿ ಅಂತ ಕೇಳ್ಕೊಳ್ತಾನೆ? ಯಾರು ಅಂತ ನಿನಗೆ ಹೇಳಿದ, ಅಲ್ವಾ?"

"ಹೇಳಿದ."

"ಹೆಸರು ಹೇಳು ನೆಸ್ತೋರ್. ಆ ಒಂದು ಹೆಸರು ಸಿಕ್ಕರೆ ನಿನ್ನ ಮಾತನ್ನ ನಂಬ್ತಾರೆ, ಕೊಲೆ ನಿನ್ನದಾಗಲ್ಲ. ಇನ್ನೂ ಹೊತ್ತಿದೆ. ನಿನ್ನ ಕಾಲಿಗೆ ಬೀಳ್ತೀನಿ."

ನೆಸ್ತೋರ್ ಬಾಗಿಲ ಕಡೆ ನೋಡಿದ. ಟೈಪ್‌ರೈಟರು ಸಾಗಿಯೇ ಇತ್ತು. ಆಮೇಲೆ ಮೊದಲ ಸಲ ಸ್ನೇಹಿತನ ಕಣ್ಣನ್ನು ನೇರವಾಗಿ ನೋಡಿ, ಆ ಕೆಳಗಿನ ದನಿಯಲ್ಲಿ ಕೇಳಿದ:

"ನನ್ನನ್ನ ಬಿಡಿಸಬೇಕು ಅಂತ ನಿನ್ನೆಯಿಂದ ಊಟ ಬಿಟ್ಟು ಓಡಾಡ್ತಿದ್ದೀಯ. ಆ ಹೆಸರು ಹೇಳದೆ ನಾನು ನಿನ್ನೆಯಿಂದ ಬಾಯಿ ಕಟ್ಕೊಂಡು ಕೂತಿದ್ದು ಯಾರ ಮನೆ ಉಳಿಸೋಕೆ ಅಂದ್ಕೊಂಡಿದ್ದೀಯ, ಇಸಿಡೋರ್?"